ಇಳಿಜಾರಿನ ಎರಡು ತಿರುವು

"ಗುರುಗಳೇ, ತಡವಾಗಿ ಹೋದವನು ಹೋದಂತೆಯೋ, ಹೋಗದಂತೆಯೋ?" ಎಂದು ಶಿಷ್ಯ ಕೇಳಿದ.

ಅವನು ಅಣ್ಣನ ಮಣ್ಣು ಮುಗಿಸಿಕೊಂಡು ಬಂದಿದ್ದ. ಅಣ್ಣ ಹಾಸಿಗೆ ಹಿಡಿದಿದ್ದಾನೆಂದು ಮೊದಲ ಸಲ ಸುದ್ದಿ ಬಂದಾಗ ಹೊರಟಿರಲಿಲ್ಲ. ಹಳೆಯದೊಂದು ಮನಸ್ತಾಪ ಅವನನ್ನು ತಡೆದಿತ್ತು. ಮತ್ತೊಮ್ಮೆ ಹೇಳಿಕಳಿಸಿದಾಗ ಎದ್ದು ಹೋದ. ಹೋದಾಗ ಅಣ್ಣನಿಗೆ ಇನ್ನೂ ಜೀವವಿತ್ತು. ಸ್ವಲ್ಪವೇ ಇತ್ತು.

ಗುರುಗಳು ಅವನ ಮುಖವನ್ನು ನೋಡಿದರು. "ಕೂಡು" ಎಂದರು. ಅವನು ಕುಳಿತ ಮೇಲೆ ಈ ಕತೆ ಹೇಳಿದರು.

ಬಡಗಣ ಬೆಟ್ಟಗಳ ಸೀಮೆಯಲ್ಲಿ ವರ್ಷಕ್ಕೊಮ್ಮೆ ಒಂದು ಸೈಕಲ್ ಪಂದ್ಯ ನಡೆಯುತ್ತಿತ್ತು. ಅದು ಒಂದು ದಿನದಲ್ಲಿ ಮುಗಿಯುವ ಪಂದ್ಯವಲ್ಲ. ಬೆಳಿಗ್ಗೆ ಒಂದು ಊರು ಬಿಟ್ಟು ಸಂಜೆಯ ಹೊತ್ತಿಗೆ ಇನ್ನೊಂದು ಊರು ಸೇರಬೇಕು. ಮರುದಿನ ಅಲ್ಲಿಂದ ಮುಂದಕ್ಕೆ. ಹೀಗೆ ಹಲವು ದಿನ, ಒಂದು ಘಟ್ಟ ಹತ್ತಿ ಇಳಿದರೆ ಮತ್ತೊಂದು ಘಟ್ಟ. ಅಲ್ಲಿ ಓಡಿಸುವವರು ಶೋಕಿಗೆ ಓಡಿಸುವವರಲ್ಲ. ಅದೇ ಅವರ ಕಸುಬು, ಅದೇ ಅವರ ಅನ್ನ.

ಆ ಪಂದ್ಯಕ್ಕೆ ಒಂದು ರೀತಿಯಿದೆ. ಸವಾರರು ತಂಡ ತಂಡವಾಗಿ ಬರುತ್ತಾರೆ. ಪ್ರತಿ ತಂಡದಲ್ಲಿ ಗೆಲ್ಲಬೇಕಾದವನು ಒಬ್ಬ. ಉಳಿದವರು ಅವನಿಗಾಗಿ ದುಡಿಯುವವರು. ಅವರು ಮುಂದೆ ನಿಂತು ಗಾಳಿಯನ್ನು ಎದೆಗೆ ತೆಗೆದುಕೊಳ್ಳುತ್ತಾರೆ. ಗೆಲ್ಲಬೇಕಾದವನು ಅವರ ಬೆನ್ನಿನ ಮರೆಯಲ್ಲಿ ಶಕ್ತಿ ಉಳಿಸಿಕೊಂಡು ಬರುತ್ತಾನೆ. ಗುರಿ ಹತ್ತಿರವಾದಾಗ ಅವರು ಪಕ್ಕಕ್ಕೆ ಸರಿಯುತ್ತಾರೆ, ಅವನು ಮುಂದೆ ಹೋಗುತ್ತಾನೆ. ಅವನ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಸರಿದವರು ಯಾವಾಗ ಊರು ಮುಟ್ಟಿದರೆಂದು ಯಾರೂ ಕೇಳುವುದಿಲ್ಲ.

ಭೀಮಶಿ ಹಾಗೆ ದುಡಿಯುವವನಾಗಿದ್ದ. ಬಯಲುಸೀಮೆಯವನು. ಅವನ ಊರಲ್ಲಿ ಬೆಟ್ಟವಿರಲಿಲ್ಲ, ಗಾಳಿ ಮಾತ್ರ ಇತ್ತು. ಆ ಗಾಳಿಗೆ ಎದುರಾಗಿ ತುಳಿದು ತುಳಿದೇ ಅವನ ಕಾಲು ಗಟ್ಟಿಯಾಗಿದ್ದವು. ಗೆಲ್ಲುವ ಆಸೆ ಅವನಿಗಿರಲಿಲ್ಲ ಎಂದಲ್ಲ. ಇತ್ತು. ಅದನ್ನು ಮಡಚಿ ಒಳಗಿಟ್ಟಿದ್ದ. ಕೇಳಿದವರಿಗೆ, "ನಮ್ಮದೇನಿದ್ರೂ ಗಾಳಿ ತಡಿಯೂ ಕೆಲಸ ರೀ" ಎಂದು ನಗುತ್ತಿದ್ದ.

ಅದೇ ಪಂದ್ಯದಲ್ಲಿ ಅವನ ಸೀಮೆಯ ಇನ್ನೊಬ್ಬನಿದ್ದ. ಹೆಸರು ಜಿನ್ನಪ್ಪ. ಬೇರೆ ತಂಡದವನು, ಆ ತಂಡದಲ್ಲಿ ಗೆಲ್ಲಬೇಕಾದವನೇ ಅವನು.

ಹುಡುಗರಾಗಿದ್ದಾಗ ಇಬ್ಬರೂ ಒಂದೇ ಕ್ರೀಡಾ ಹಾಸ್ಟೆಲಿನಲ್ಲಿ ಬೆಳೆದವರು. ಅಲ್ಲಿ ಇಬ್ಬರು ಹುಡುಗರಿಗೆ ಒಂದು ಸೈಕಲ್ ಕೊಡುತ್ತಿದ್ದರು. ಭೀಮಶಿಗೂ ಜಿನ್ನಪ್ಪನಿಗೂ ಸೇರಿ ಒಂದು ಸಿಕ್ಕಿತ್ತು. ಒಬ್ಬ ತುಳಿದರೆ ಇನ್ನೊಬ್ಬ ಹಿಂದೆ ಓಡುತ್ತಿದ್ದ. ರಜೆಗೆ ಭೀಮಶಿ ತನ್ನ ಮನೆಗಿಂತ ಹೆಚ್ಚಾಗಿ ಜಿನ್ನಪ್ಪನ ಮನೆಗೆ ಹೋಗುತ್ತಿದ್ದ. ಜಿನ್ನಪ್ಪನ ತಾಯಿ ಬಾಳವ್ವ ಇಬ್ಬರಿಗೂ ಒಂದೇ ತಾಟಿನಲ್ಲಿ ರೊಟ್ಟಿ ಹಾಕುತ್ತಿದ್ದಳು. ಊರವರು ಅವರನ್ನು ಜೋಡೆತ್ತು ಎಂದು ಕರೆಯುತ್ತಿದ್ದರು.

ಮುಂದೆ ಒಂದು ದೊಡ್ಡ ತಂಡದವರು ಜಿನ್ನಪ್ಪನನ್ನು ಕರೆದರು. ಹೊರಡುವ ದಿನ ಅವನು ಭೀಮಶಿಯ ಕೈ ಹಿಡಿದು ಹೇಳಿದ: "ನಾ ಹೋಗಿ ನೆಲಿ ಆಗ್ತೀನಿ. ಆಮ್ಯಾಲ ನಿನ್ನ ಕರಸ್ಕೋತೀನಿ. ನನ್ನ ಮುಂದ ನೀನ ಇರಬೇಕು."

ಭೀಮಶಿ ಕಾದ. ಜಿನ್ನಪ್ಪ ನೆಲೆಯಾದ, ಗೆದ್ದ, ಹೆಸರು ಮಾಡಿದ. ಕರೆ ಬರಲಿಲ್ಲ. ಜಿನ್ನಪ್ಪನ ಮುಂದೆ ಗಾಳಿ ತಡೆಯಲು ಬೇರೆ ಯಾರನ್ನೋ ತೆಗೆದುಕೊಂಡರೆಂದು ಒಂದು ದಿನ ತಿಳಿಯಿತು. ಭೀಮಶಿ ಏನೂ ಕೇಳಲಿಲ್ಲ. ಸಣ್ಣದೊಂದು ತಂಡ ಸೇರಿದ. ಆಮೇಲೆ ಪಂದ್ಯಗಳಲ್ಲಿ ಇಬ್ಬರೂ ಎದುರಾಗುತ್ತಿದ್ದರು. ಜಿನ್ನಪ್ಪ ಮೊದಮೊದಲು ಮಾತಾಡಿಸಲು ಬಂದ. ಭೀಮಶಿ ಮುಖ ತಿರುಗಿಸಿದ. ಕೆಲವು ವರ್ಷಗಳಲ್ಲಿ ಜಿನ್ನಪ್ಪನೂ ಬರುವುದನ್ನು ಬಿಟ್ಟ. ಅಷ್ಟು ದೂರದ ಆ ಸೀಮೆಯಲ್ಲಿ ಅವರ ಮಾತು ಬಲ್ಲವರು ಅವರಿಬ್ಬರೇ. ಆ ಇಬ್ಬರ ನಡುವೆ ಮಾತಿರಲಿಲ್ಲ.

ಆ ವರ್ಷ ಪಂದ್ಯ ಅರ್ಧ ಮುಗಿದಿತ್ತು. ಎಲ್ಲಕ್ಕಿಂತ ಎತ್ತರದ ಘಟ್ಟ ದಾಟುವ ದಿನ ಬಂತು. ಭೀಮಶಿಯ ತಂಡದಲ್ಲಿ ಗೆಲ್ಲಬೇಕಾದವನು ಜ್ವರ ಬಂದು ಮಲಗಿದ. ಬೆಳಿಗ್ಗೆ ತಂಡದ ಮ್ಯಾನೇಜರ್ ಭೀಮಶಿಯ ಹೆಗಲ ಮೇಲೆ ಕೈಯಿಟ್ಟು, "ಇವತ್ತು ನೀನು ಯಾರಿಗೂ ದುಡಿಯಬೇಕಾಗಿಲ್ಲ. ನಿನಗಾಗಿ ಓಡಿಸು" ಎಂದ.

ಇಷ್ಟು ವರ್ಷಗಳಲ್ಲಿ ಆ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಮಡಚಿ ಇಟ್ಟದ್ದನ್ನು ಅವನು ಅಂದು ಬಿಚ್ಚಿದ.

ಏರು ಶುರುವಾದ ಮೇಲೆ ಒಬ್ಬೊಬ್ಬರೇ ಹಿಂದೆ ಬಿದ್ದರು. ಗುಂಪು ಸಣ್ಣದಾಯಿತು, ಇನ್ನೂ ಸಣ್ಣದಾಯಿತು. ಕೊನೆಗೆ ಮುಂದೆ ಉಳಿದವರು ಇಬ್ಬರೇ. ಒಬ್ಬ ಜಿನ್ನಪ್ಪ. ಇನ್ನೊಬ್ಬ ಭೀಮಶಿ.

ಇಬ್ಬರೂ ಪಕ್ಕಪಕ್ಕದಲ್ಲಿ ತುಳಿದರು. ಉಸಿರು ಬಿಟ್ಟರೆ ಬೇರೆ ಸದ್ದಿಲ್ಲ. ಘಟ್ಟದ ನೆತ್ತಿ ಹತ್ತಿರವಾದಾಗ ಜಿನ್ನಪ್ಪ ತನ್ನ ನೀರಿನ ಬಾಟಲಿಯನ್ನು ತೆಗೆದು ಭೀಮಶಿಯ ಕಡೆಗೆ ಚಾಚಿದ. ಭೀಮಶಿಯ ಬಾಟಲಿ ಬರಿದಾಗಿತ್ತು. ಅದು ಜಿನ್ನಪ್ಪನಿಗೆ ಕಂಡಿತ್ತು. ಭೀಮಶಿ ನೋಡದವನ ಹಾಗೆ ತುಳಿದ. ಚಾಚಿದ ಕೈ ಸ್ವಲ್ಪ ಹೊತ್ತು ಹಾಗೆಯೇ ಇದ್ದು ಹಿಂದಕ್ಕೆ ಹೋಯಿತು.

ನೆತ್ತಿಯ ಮೇಲೆ ಮಂಜು ಕವಿದಿತ್ತು. ಇಳಿಜಾರು ಶುರುವಾಯಿತು. ರಸ್ತೆ ಇಕ್ಕಟ್ಟಿನದು, ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಮೋಟುಗೋಡೆ, ಅದರಾಚೆ ಕಮರಿ. ಹಿಂದಿನಿಂದ ಬರುವ ಪಂದ್ಯದ ಗಾಡಿಗಳು ಮಂಜಿನಲ್ಲಿ ಹಿಂದೆಯೇ ಉಳಿದಿದ್ದವು. ಮುಂದೆ ದಾರಿ ತೋರಿಸುವ ಮೋಟಾರ್ ಸೈಕಲ್ ತುಂಬ ಮುಂದೆ ಹೋಗಿತ್ತು. ಜಿನ್ನಪ್ಪ ಇಳಿಜಾರಿನಲ್ಲಿ ಗಟ್ಟಿಗ. ಅವನು ಮುಂದೆ, ಭೀಮಶಿ ಹಿಂದೆ. ಮಂಜಿನಲ್ಲಿ ಭೀಮಶಿಗೆ ಕಾಣುತ್ತಿದ್ದುದು ಜಿನ್ನಪ್ಪನ ಕೆಂಪು ಅಂಗಿಯೊಂದೇ.

ಒಂದು ತಿರುವು ಬಂತು. ರಸ್ತೆ ಎಡಕ್ಕೆ ಹೊರಳಿತು. ಕೆಂಪು ಅಂಗಿ ಹೊರಳಲಿಲ್ಲ. ನೇರ ಹೋಯಿತು. ಲೋಹ ಕಲ್ಲಿಗೆ ಬಡಿದ ಸದ್ದಾಯಿತು. ಆಮೇಲೆ ಏನೂ ಇಲ್ಲ.

ಭೀಮಶಿ ತಿರುವನ್ನು ದಾಟಿದ. ಅವನ ಬೆರಳು ಬ್ರೇಕಿನ ಮೇಲೆ ಇದ್ದವು. ಒತ್ತಲಿಲ್ಲ.

ಹಿಂದೆ ಬರುವವರು ನೋಡುತ್ತಾರೆ ಎಂದುಕೊಂಡ. ಗಾಡಿಗಳು ಬರುತ್ತವೆ, ಅವುಗಳಲ್ಲಿ ವೈದ್ಯರಿದ್ದಾರೆ ಎಂದುಕೊಂಡ. ಅವನಿಗೆ ಏನೂ ಆಗಿರಲಿಕ್ಕಿಲ್ಲ, ಇಷ್ಟರಲ್ಲಿ ಎದ್ದಿರುತ್ತಾನೆ ಎಂದುಕೊಂಡ. ಒಂದು ತಿರುವು ಕಳೆಯಿತು. ಅವನ ಮುಂದೆ ಈಗ ಯಾರ ಬೆನ್ನೂ ಇರಲಿಲ್ಲ. ಬರಿಯ ರಸ್ತೆ ಇತ್ತು. ಅದರ ತುದಿಯಲ್ಲಿ ಊರಿತ್ತು, ಜನರಿದ್ದರು, ಅವನ ಹೆಸರು ಹಿಡಿದು ಕೂಗಲು ಕಾದಿದ್ದರು. ಇನ್ನೊಂದು ತಿರುವೂ ಕಳೆಯಿತು. ಆಗ ಒಂದು ಮಾತು ಮನಸ್ಸಿನ ತಳದಿಂದ ಎದ್ದು ಬಂತು: ಅವನು ನನ್ನನ್ನು ಕರೆದಿರಲಿಲ್ಲ.

ಆ ಮಾತು ಕೇಳಿಸಿದ ಕೂಡಲೇ ಭೀಮಶಿಗೆ ತನ್ನ ಬಗ್ಗೆ ಹೆದರಿಕೆಯಾಯಿತು. ಮೊದಲು ಹೇಳಿಕೊಂಡದ್ದೆಲ್ಲ ನೆಪ, ಇದೊಂದೇ ನಿಜವಾದ ಕಾರಣವೆಂದು ಅವನಿಗೆ ಗೊತ್ತಾಯಿತು. ಬ್ರೇಕ್ ಒತ್ತಿದ. ಸೈಕಲ್ ಜಾರಿ ಬಂಡೆಗೆ ತಾಗಿ ನಿಂತಿತು. ಅದನ್ನು ತಿರುಗಿಸಿದ. ಇಳಿದು ಬಂದ ದಾರಿಯನ್ನು ಏರತೊಡಗಿದ. ದಿನವಿಡೀ ಘಟ್ಟ ಹತ್ತಿದ ಕಾಲು ಆಗ ಏಳಲೊಲ್ಲವು. ಎದ್ದು ನಿಂತು ತುಳಿದ. ಅಳುತ್ತ ತುಳಿದ.

ಅಷ್ಟರಲ್ಲಿ ಹಿಂದಿದ್ದ ಸವಾರರು ಮಂಜಿನಿಂದ ಹೊರಬಿದ್ದು ಅವನ ಪಕ್ಕದಲ್ಲೇ ಹಾದುಹೋದರು. "ನಿಲ್ಲಿ, ನಿಲ್ಲಿ" ಎಂದು ಅವನು ಕೂಗಿದ. ಅವನು ಕೂಗಿದ್ದು ತನ್ನ ಮಾತಿನಲ್ಲಿ. ಅವರಿಗೆ ಅದು ತಿಳಿಯಲಿಲ್ಲ. ತಿಳಿದಿದ್ದರೂ ಆ ವೇಗದಲ್ಲಿ ನಿಲ್ಲುವುದು ಸುಲಭವಿರಲಿಲ್ಲ. ಅವರು ಹೋದರು.

ತಿರುವಿಗೆ ಬಂದು ಭೀಮಶಿ ತನ್ನ ಸೈಕಲ್ಲನ್ನು ಮೋಟುಗೋಡೆಯ ಮೇಲೆ ಎತ್ತಿ ಇಟ್ಟ, ಗಾಡಿಯವರಿಗೆ ಕಾಣಲೆಂದು. ಬೂಟು ಕಳಚಿ ಎಸೆದು, ಬರಿಗಾಲಿನಲ್ಲಿ ಕಲ್ಲು ಹಿಡಿದು ಕೆಳಗಿಳಿದ.

ಜಿನ್ನಪ್ಪ ಕಲ್ಲುಗಳ ನಡುವೆ ಅಂಗಾತ ಬಿದ್ದಿದ್ದ. ಕಣ್ಣು ತೆರೆದಿತ್ತು. ಮೈಯ ಬೇರಾವ ಭಾಗವೂ ಅಲುಗುತ್ತಿರಲಿಲ್ಲ.

"ಸೈಕಲ್ ಸಪ್ಪಳ ಕೇಳಿಸಿತು. ಹೋದಿ ಅಂತ ಮಾಡಿದ್ದೆ," ಎಂದ.

ಭೀಮಶಿ ಪಕ್ಕದಲ್ಲಿ ಕುಳಿತು ಅವನ ಕೈ ಹಿಡಿದುಕೊಂಡ. ಕೈ ತಣ್ಣಗಿತ್ತು.

"ಬಂದ್ಯಲ್ಲ," ಎಂದ ಜಿನ್ನಪ್ಪ. ಮತ್ತೆ ಹೇಳಿದ: "ಬಂದ್ಯಲ್ಲ. ಸಾಕು."

"ಮಾತಾಡಬ್ಯಾಡ. ಗಾಡಿ ಬರತಾವ. ನಾ ಮ್ಯಾಲ ಹೋಗಿ ಕರಕೊಂಡು ಬರತೀನಿ."

"ಬ್ಯಾಡ. ನೀ ಕುಂದರು. ಏನಾರ ಮಾತಾಡು. ನಮ್ಮ ಮಾತು ಕೇಳಿ ಭಾಳ ದಿನ ಆತು."

ಭೀಮಶಿ ಮಾತಾಡಿದ. ಏನು ಮಾತಾಡಿದನೆಂದು ಆಮೇಲೆ ಅವನಿಗೇ ಪೂರ್ತಿ ನೆನಪಾಗಲಿಲ್ಲ. ಹಾಸ್ಟೆಲಿನ ಅಡಿಗೆಯವನ ಬಗ್ಗೆ ಹೇಳಿದ. ಬೇಸಿಗೆಯಲ್ಲಿ ಈಜಲು ಬಾವಿಗೆ ಹಾರಿದ್ದನ್ನು ಹೇಳಿದ. ಬಾಳವ್ವನ ರೊಟ್ಟಿಯ ಬಗ್ಗೆ ಹೇಳಿದ. ಒಮ್ಮೆ ಜಿನ್ನಪ್ಪನ ತುಟಿ ನಗುವ ಹಾಗೆ ಅಲುಗಿತು. ಆಮೇಲೆ ಅಲುಗಲಿಲ್ಲ. ಭೀಮಶಿಗೆ ಅದು ಗೊತ್ತಾಯಿತು. ಗೊತ್ತಾದರೂ ಮಾತು ನಿಲ್ಲಿಸಲಿಲ್ಲ. ಮೋಟುಗೋಡೆಯ ಮೇಲಿನ ಸೈಕಲ್ ಕಂಡು ಗಾಡಿಯವರು ನಿಂತು, ಹಗ್ಗ ಬಿಟ್ಟು ಇಳಿದು ಬಂದಾಗಲೂ ಅವನು ಮಾತಾಡುತ್ತಲೇ ಇದ್ದ.

ಆ ದಿನದ ಗೆಲುವು ಬೇರೊಬ್ಬನಿಗೆ ಹೋಯಿತು.

ಭೀಮಶಿ ವೈದ್ಯರನ್ನು ಕೇಳಿದ: "ಇನ್ನೂ ಬೇಗ ಯಾರಾದರೂ ಹೋಗಿದ್ದರೆ ಉಳಿಯುತ್ತಿದ್ದನೆ?" ವೈದ್ಯರು ಇಲ್ಲವೆಂದರು. ಬಿದ್ದ ಪೆಟ್ಟು ಅಂಥದು, ಯಾರು ಹೋಗಿದ್ದರೂ ಅಷ್ಟೇ ಎಂದರು. ಭೀಮಶಿ ನಂಬಲಿಲ್ಲ. ಉಳಿದವರ ಸಮಾಧಾನಕ್ಕೆ ವೈದ್ಯರು ಹಾಗೆಯೇ ಹೇಳುತ್ತಾರೆ ಎಂದುಕೊಂಡ.

ಪತ್ರಿಕೆಗಳಲ್ಲಿ ಅವನ ಹೆಸರು ಬಂತು. ಗೆಲುವನ್ನು ಬಿಟ್ಟು ಗೆಳೆಯನ ಬಳಿ ನಿಂತವನೆಂದು ಬರೆದರು. ಗೆಳೆಯ ಬಿದ್ದ ಕ್ಷಣವೇ ನಿಂತವನೆಂದು ಬರೆದರು. ಪಂದ್ಯದ ಕೊನೆಯ ದಿನ ಅವನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಮಾತಾಡು ಎಂದು ಮೈಕ್ ಕೊಟ್ಟರು. ಭೀಮಶಿ, "ನಾನು ಕೂಡಲೇ ನಿಲ್ಲಲಿಲ್ಲ..." ಎಂದು ಆ ಸೀಮೆಯ ಮಾತಿನಲ್ಲಿ ಶುರುಮಾಡಿದ. ದುಃಖದಲ್ಲಿ ತನ್ನನ್ನೇ ಹಳಿದುಕೊಳ್ಳುತ್ತಿದ್ದಾನೆಂದು ಜನ ತಿಳಿದರು. ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯಲ್ಲಿ ಅವನ ಉಳಿದ ಮಾತು ಮುಚ್ಚಿಹೋಯಿತು. ಯಾರೋ ಮೆಲ್ಲಗೆ ಅವನ ಕೈಯಿಂದ ಮೈಕ್ ತೆಗೆದುಕೊಂಡರು.

ಹೇಳಲೇಬೇಕಾದವರು ಒಬ್ಬರಿದ್ದಾರೆ ಎಂದು ಅವನು ಜಿನ್ನಪ್ಪನ ಊರಿಗೆ ಹೋದ.

ಬಾಳವ್ವ ಅವನನ್ನು ಕಂಡು ಅತ್ತಳು. ಅವನ ಮುಖ, ಕೈಗಳನ್ನೆಲ್ಲ ಸವರಿದಳು. ಮಗನ ಕೊನೆಯ ಉಸಿರು ಕಂಡ ಕೈಗಳೆಂದು ಅವನ್ನು ಕಣ್ಣಿಗೆ ಒತ್ತಿಕೊಂಡಳು.

"ನೀ ಹೋದಾಗ ಅವಗ ಎಚ್ಚರ ಇತ್ತೇನಪಾ?"

"ಇತ್ತವ್ವಾ."

"ಪುಣ್ಯಾತ್ಮ. ಅವ ಬಿದ್ದ ಕೂಡಲೇ ಹಾರಿ ಹೋದಿ."

ಭೀಮಶಿ ತಲೆ ತಗ್ಗಿಸಿದ. ಸುಮ್ಮನಿದ್ದರೆ ಆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವನಿಗೆ ಇನ್ನು ಹೊರಲಾಗುತ್ತಿರಲಿಲ್ಲ.

"ಕೂಡಲೇ ಹೋಗಲಿಲ್ಲವ್ವಾ. ಬಿದ್ದದ್ದು ನೋಡಿದೆ. ನೋಡಿನೂ ಎರಡು ತಿರುವು ಮುಂದ ಹೋದೆ. ಆಮ್ಯಾಲ ಹೊಳ್ಳಿ ಬಂದೆ. ನಾ ಹೋಗಿದ್ದು ಅವಗ ಕೇಳಿಸಿತ್ತು."

ಬಾಳವ್ವ ಅವನ ಕೈ ಬಿಟ್ಟಳು. ಬಾಗಿಲಾಚೆ ನೋಡಿದಳು.

"ಇದನ್ನ ನನಗ್ಯಾಕ ಹೇಳಿದ್ಯೋ?" ಎಂದಳು. "ನನ್ನ ಮಗ ಅಲ್ಲಿ ಒಬ್ಬನ ಬಿದ್ದಿರಲಿಲ್ಲ ಅನ್ನೂದೊಂದ ನನಗ ಉಳಿದಿತ್ತು."

ಭೀಮಶಿ ತಾನು ಮಾಡಿದ್ದೇನೆಂದು ಆಗ ತಿಳಿದುಕೊಂಡ. ಭಾರ ಇಳಿಸಲು ಬಂದವನು ಅದನ್ನು ಒಂದು ಮುದಿ ಜೀವದ ಮೇಲೆ ಇಳಿಸಿದ್ದ. ಅವನ ಎದೆಯ ಭಾರ ಎಳ್ಳಷ್ಟೂ ಕಡಿಮೆಯಾಗಿರಲಿಲ್ಲ. ಹೋಗಲು ಎದ್ದ.

"ಉಂಡು ಹೋಗು," ಎಂದಳು ಬಾಳವ್ವ. ಅವನ ಮುಖ ನೋಡದೆ ಹೇಳಿದಳು. ಒಳಗೆ ಹೋಗಿ ರೊಟ್ಟಿ ತಟ್ಟಿದಳು, ಪಲ್ಯ ಹಾಕಿದಳು, ಮಜ್ಜಿಗೆ ತಂದಿಟ್ಟಳು. ಅವನು ಉಂಡು ಮುಗಿಸುವ ತನಕ ಗೋಡೆಗೆ ಒರಗಿ ಕುಳಿತಿದ್ದಳು. ಅವನು ತಾಟಿನಲ್ಲಿ ಏನನ್ನೂ ಬಿಡಲಿಲ್ಲ.

ಮುಂದಿನ ವರ್ಷ ಭೀಮಶಿ ಮತ್ತೆ ಪಂದ್ಯಕ್ಕೆ ಹೋದ. ಏರಿನಲ್ಲಿ ಅವನು ಮೊದಲಿನ ಹಾಗೆಯೇ ಇದ್ದ. ಇಳಿಜಾರಿನಲ್ಲಿ ಅವನಿಂದಾಗಲಿಲ್ಲ. ಪ್ರತಿ ತಿರುವಿನಲ್ಲೂ ಬ್ರೇಕ್ ಒತ್ತುತ್ತಿದ್ದ, ಮೋಟುಗೋಡೆಯ ಆಚೆಗೆ ನೋಡುತ್ತಿದ್ದ. ಎಲ್ಲರೂ ಅವನನ್ನು ದಾಟಿ ಹೋಗುತ್ತಿದ್ದರು. ತಂಡದವರು ಸ್ವಲ್ಪ ದಿನ ತಾಳಿಕೊಂಡು ಆಮೇಲೆ ಅವನನ್ನು ಕೈಬಿಟ್ಟರು. ಅದು ಅವರ ತಪ್ಪಲ್ಲ.

ಆ ಪಂದ್ಯದಲ್ಲಿ ಎಲ್ಲರ ಹಿಂದೆ ಒಂದು ಗಾಡಿ ಬರುತ್ತದೆ. ಸೋತು ಇಳಿದವರನ್ನು, ಬಿದ್ದು ಪೆಟ್ಟಾದವರನ್ನು, ಇನ್ನು ತುಳಿಯಲಾರೆ ಎಂದು ರಸ್ತೆ ಬದಿಗೆ ಕುಳಿತವರನ್ನು ಹತ್ತಿಸಿಕೊಳ್ಳುವ ಗಾಡಿ ಅದು. ಅದನ್ನು ಓಡಿಸುವ ಕೆಲಸವನ್ನು ಭೀಮಶಿ ಕೇಳಿ ಪಡೆದ. ಇವತ್ತಿಗೂ ಓಡಿಸುತ್ತಾನೆ. ಯಾರೂ ಕಾಣೆಯಾಗಿಲ್ಲವೆಂದು ಗೊತ್ತಿದ್ದರೂ ತಿರುವು ತಿರುವಿಗೆ ಗಾಡಿ ನಿಲ್ಲಿಸುತ್ತಾನೆ. ಇಳಿದು, ಗೋಡೆಯ ಬಳಿ ಹೋಗಿ, ಕೆಳಗೆ ನೋಡಿ ಬರುತ್ತಾನೆ. ಗಾಡಿಯಲ್ಲಿ ಕುಳಿತ ಸವಾರರು ಹಸಿದಿರುತ್ತಾರೆ, ಗೊಣಗುತ್ತಾರೆ. ಅವನ ಗಾಡಿ ಊರು ಸೇರುವಷ್ಟರಲ್ಲಿ ಪೆಂಡಾಲು ಬಿಚ್ಚಿರುತ್ತಾರೆ. ಅದೆಷ್ಟೋ ಜನರನ್ನು ಅವನು ಹಾಗೆ ಎತ್ತಿ ಕರೆತಂದಿದ್ದಾನೆ. ಅವರ ಮುಖ ಯಾವುದೂ ಅವನಿಗೆ ನೆನಪಿಲ್ಲ. ನೆನಪಿರುವುದು ಒಂದೇ ಮುಖ. ಜಿನ್ನಪ್ಪ ಆಡಿದ ಮಾತುಗಳಲ್ಲಿಯೂ ಅವನು ದಿನಾ ಮೆಲುಕು ಹಾಕುವುದು ಒಂದನ್ನೇ: "ಹೋದಿ ಅಂತ ಮಾಡಿದ್ದೆ."

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯನ ಕಣ್ಣು ತುಂಬಿದ್ದವು. ತಡೆದು ತಡೆದು ಕೇಳಿದ: "ಹಾಗಾದರೆ, ಗುರುಗಳೇ, ಅವನಿಗೆ ಕ್ಷಮೆ ಸಿಕ್ಕಲೇ ಇಲ್ಲವೆ?"

"ಕ್ಷಮಿಸಬೇಕಾದವನು 'ಸಾಕು' ಎಂದು ಹೇಳಿಯೇ ಹೋದ, ಕೈ ಹಿಡಿದು ಕುಳಿತವನು ಇನ್ನೂ ಅದನ್ನು ಕೇಳಿಸಿಕೊಂಡಿಲ್ಲ," ಎಂದರು ಗುರುಗಳು.